‘ಕೊಲೊಫನ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಳೇ ಅಚ್ಚಿನ ಪುಸ್ತಕಗಳ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ‘ಕೊಲೊಫನ್’ ಅನ್ನೋ ಪದದ ಹತ್ತಿರ ಬಂದು ನಿಂತಿದ್ದೇನೆ. ಪುಸ್ತಕದ ಕಟ್ಟಕಡೆಯಲ್ಲಿ ಅದು ಯಾವಾಗ, ಎಲ್ಲಿ, ಯಾರಿಂದ ತಯಾರಾಯಿತು ಎಂದು ಹೇಳುವ ನಾಲ್ಕು ಸಾಲಿಗೆ ಆ ಹೆಸರು. ಇದಕ್ಕೆ ನಾವು ಏನನ್ನಬೇಕು?

ನನ್ನ ಮುಂದಿರುವುದು ಲ್ಯಾಕ್ಟಾಂಟಿಯಸ್‌ನ ಲ್ಯಾಟಿನ್ ಕೃತಿಗಳ ಸಂಪುಟ. ಈತ ಉತ್ತರ ಆಫ್ರಿಕಾದ ಕ್ರೈಸ್ತ ಪಂಡಿತ, ಚಕ್ರವರ್ತಿ ಕಾನ್‌ಸ್ಟಂಟೈನನ ಮಗನಿಗೆ ಪಾಠ ಹೇಳಿದವನು. ಭೂಮಿಯ ಆಚೆ ಬದಿಯಲ್ಲೂ ಜನ ಇದ್ದಾರೆ ಎನ್ನುವವರನ್ನು ‘ಕಾಲು ಮೇಲೆ, ತಲೆ ಕೆಳಗೆ ಇರೋ ಜನರೇ?’ ಎಂದು ಗೇಲಿ ಮಾಡಿದವನೂ ಇವನೇ. ಅವನ ಕೃತಿಗಳನ್ನು 1465ರಲ್ಲಿ ರೋಮ್ ಹತ್ತಿರದ ಸುಬಿಯಾಕೊ ಎಂಬಲ್ಲಿನ ಮಠದಲ್ಲಿ ಅಚ್ಚು ಹಾಕಿದರು. ಸ್ವೇನ್‌ಹೈಮ್ ಮತ್ತು ಪನ್ನಾರ್ಟ್ಸ್ ಎಂಬ ಇಬ್ಬರು ಜರ್ಮನರ ಕೆಲಸ ಅದು. ಶುರುವಿನ ಹಾಳೆಗಳಲ್ಲಿ ಗ್ರೀಕ್ ಮಾತು ಬರುವ ಕಡೆ ಜಾಗ ಖಾಲಿ ಬಿಟ್ಟಿದ್ದಾರೆ, ಕೈಯಲ್ಲಿ ಬರೆದುಕೊಳ್ಳಲಿ ಅಂತ. ಮುಂದೆ ಹೋದ ಹಾಗೆ ಗ್ರೀಕ್ ಅಚ್ಚಿನ ಮೊಳೆಗಳೇ ಬರುತ್ತವೆ!

ಈ ಪುಸ್ತಕಕ್ಕೆ ಈಗಿನಂಥ ಶೀರ್ಷಿಕೆ ಪುಟ ಇಲ್ಲ. ಇಸವಿ, ಊರು ಎಲ್ಲ ಕೊನೆಯಲ್ಲೇ. ಸುಮಾರಾಗಿ ಹೀಗಿದೆ: 1465ನೇ ಇಸವಿ, ಎರಡನೇ ಪಾಲ್ ಪೋಪ್ ಆಗಿ ಎರಡನೇ ವರ್ಷ, ಅಕ್ಟೋಬರ್ ತಿಂಗಳ ಕೊನೆಯಿಂದ ಮೂರನೇ ದಿನ, ಸುಬಿಯಾಕೊದ ಪೂಜ್ಯ ಮಠದಲ್ಲಿ. ಅಂದರೆ ಅಕ್ಟೋಬರ್ 29. ಅಚ್ಚು ಹಾಕಿದವರ ಹೆಸರು ಮಾತ್ರ ಇಲ್ಲ.

ಇದನ್ನು ‘ಪುಷ್ಪಿಕೆ’ ಅನ್ನಬಹುದಲ್ವಾ ಎಂದು ಯಾರಾದರೂ ಹೇಳೇ ಹೇಳುತ್ತೀರಿ. ಹಸ್ತಪ್ರತಿಗಳ ಕೆಲಸ ಮಾಡುವವರು ಬಳಸುವ ಪದವೂ ಅದೇ. ನನಗೆ ಅಲ್ಲೊಂದು ತೊಡಕು ಕಾಣುತ್ತದೆ. ಗೀತೆಯ ಪ್ರತಿ ಅಧ್ಯಾಯದ ಕೊನೆಯ ‘ಇತಿ ಶ್ರೀಮದ್ಭಗವದ್ಗೀತಾಸು’ ಕೂಡ ಪುಷ್ಪಿಕೆಯೇ. ಪಂಪನ ಆಶ್ವಾಸಗಳ ಕೊನೆಯಲ್ಲಿ ಬರುವ ಗದ್ಯವೂ ಅದೇ ಜಾತಿಯದು. ಅವು ಕೃತಿಯ ಮಾತು, ಯಾರು ಪ್ರತಿ ಮಾಡಿದರೂ ಜೊತೆಗೇ ಬರುತ್ತವೆ. ಸುಬಿಯಾಕೊದ ಸಾಲುಗಳು ಆ ಒಂದು ಅಚ್ಚಿಗೆ ಮಾತ್ರ ಸೇರಿದವು. ಅವಕ್ಕೆ ಸರಿಯಾದ ಜೋಡಿ ನಮ್ಮ ಓಲೆಗರಿಗಳಲ್ಲಿ ಲಿಪಿಕಾರ ಬರೆಯುವ ಕೊನೆಯ ಮಾತು: ಇಂಥ ಸಂವತ್ಸರ, ಇಂಥ ತಿಥಿ, ಇಂಥವರು ಬರೆದು ಮುಗಿಸಿದರು. ಅದರ ಬೆನ್ನಿಗೆ ‘ಭಗ್ನಪೃಷ್ಠಕಟಿಗ್ರೀವಃ’ ಶ್ಲೋಕ. ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು ಬರೆದಿದ್ದೇನೆ, ಜೋಪಾನ ಮಾಡಿ ಅಂತ.

ಇವೆರಡಕ್ಕೂ ಒಂದೇ ಹೆಸರು ಕೊಟ್ಟರೆ ಓದುಗರಿಗೆ ಗಲಿಬಿಲಿ. ‘ಕೊನೆಯ ಒಕ್ಕಣೆ’ ಎಂದು ಬರೆದು ನೋಡಿದೆ. ಕಿವಿಗೆ ಹಿತವಾಗಿದೆ. ಆದರೆ ರೈತರ ಮನೆಯವರಿಗೆ ಒಕ್ಕಣೆ ಅಂದ್ರೆ ಮೊದಲು ನೆನಪಾಗೋದು ಕಣ, ರಾಗಿ ತೆನೆ! ‘ಮುದ್ರಣ ವಿವರ’ ಅಂದರೆ ಈಗಿನ ಪುಸ್ತಕಗಳ ಎರಡನೇ ಪುಟ ಕಣ್ಣಿಗೆ ಬರುತ್ತದೆ: ಮೊದಲ ಮುದ್ರಣ, ಪ್ರತಿಗಳು 1000, ಡೆಮಿ 1/8, ಅಕ್ಷರ ಜೋಡಣೆ ಇಂಥವರು. ಕೆಲಸ ಅದೇ, ಜಾಗ ಬೇರೆ. ಲ್ಯಾಕ್ಟಾಂಟಿಯಸ್ ಅಚ್ಚಾದದ್ದು 275 ಪ್ರತಿ. ಆ ಲೆಕ್ಕ ಪುಸ್ತಕದಲ್ಲಿಲ್ಲ, 1472ರಲ್ಲಿ ಪೋಪ್‌ಗೆ ಸಲ್ಲಿಸಿದ ಅರ್ಜಿಯಿಂದ ತಿಳಿಯುತ್ತದೆ. ಮುದ್ರಕರಿಬ್ಬರೂ ಪುಸ್ತಕ ಖರ್ಚಾಗದೆ ಸೋತಿದ್ದರು ಪಾಪ. ಮನೆ ತುಂಬ ಮಡಿಸಿದ ಹಾಳೆಯ ಕಟ್ಟುಗಳಿವೆ, ಬದುಕಿಗೆ ಬೇಕಾದ್ದೇ ಇಲ್ಲ ಎಂದು ಅದರಲ್ಲಿ ಗೋಳು ಹೇಳಿಕೊಂಡಿದ್ದಾರೆ.

ಆ ಕಟ್ಟುಗಳ ಬಗ್ಗೆಯೂ ಒಂದು ಕೇಳ್ವಿ. ಅವು ಐದೈದು ಹಾಳೆ ಒಟ್ಟಿಗೆ ಮಡಿಸಿದವು, ಮಡಿಸಿದ ಮೇಲೆ 20 ಪುಟ. ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಕಟ್ಟಿಗೆ ನಮ್ಮ ಪ್ರೆಸ್ಸಿನವರು ಹೇಳುವ ‘ಫಾರಂ’ ಎಂಬ ಪದ ಇಲ್ಲಿ ಸಲ್ಲುತ್ತದೆಯೇ? ಫಾರಂ ಅಂದರೆ 16 ಪುಟ ಎಂಬ ಲೆಕ್ಕ ತಲೆಯಲ್ಲಿ ಕೂತಿರುವುದರಿಂದ ಅನುಮಾನ.

ಸದ್ಯಕ್ಕೆ ನನ್ನ ವಾಕ್ಯ ಹೀಗಿದೆ: ‘ಪುಸ್ತಕದ ಅಚ್ಚುಪುಷ್ಪಿಕೆಯಲ್ಲಿ ದಿನ, ಊರು ಇವೆ, ಮುದ್ರಕರ ಹೆಸರಿಲ್ಲ.’ ‘ಅಚ್ಚುಪುಷ್ಪಿಕೆ’ ಅರಿಸಮಾಸ ಅಂತ ಬೈಯುವವರು ಬೈಯಿರಿ, ಜೊತೆಗೆ ಬೇರೆ ಪದವನ್ನೂ ಕೊಡಿ.