ಅಪ್ಪನ ನುಡಿ ಪುಟಗಳು, 11 ಎಂಬಿ ಮುಖಪುಟ. ಸೈಟ್ ಬದಲಾಯಿಸೋಕೆ ಒಪ್ಪಿಸೋದು ಹೇಗೆ?

ಮೆಣಸಿನಬಳ್ಳಿ:

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ ಇದೆ. ಅಡಿಕೆ, ಕಾಳುಮೆಣಸಿನ ಸಸಿ ಮಾರುತ್ತೇವೆ. ಅಪ್ಪ 2008ರಲ್ಲಿ ಪರಿಚಯದ ಹುಡುಗನೊಬ್ಬನಿಂದ ವೆಬ್‌ಸೈಟ್ ಮಾಡಿಸಿದ್ದರು. ಆಗ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಬೇರೆಯವರ ಕಂಪ್ಯೂಟರಿನಲ್ಲಿ ಕಾಣುತ್ತಿರಲಿಲ್ಲ. ಫಾಂಟ್ ಇಲ್ಲದಿದ್ದರೆ ತಲೆ ಮೇಲೆ ಟೋಪಿ, ಕೊಂಬು ಇಟ್ಟ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು, ನೆನಪಿದೆ ಅಲ್ವಾ? ಅದಕ್ಕೆ ಅಪ್ಪ ಪ್ರತಿ ಪುಟವನ್ನೂ ನುಡಿಯಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ ಜೆಪಿಜಿಯಾಗಿ ಹಾಕುತ್ತಾ ಬಂದರು. ಈಗ ಅಂಥ ನಲವತ್ತು ಪುಟ ಇವೆ. ಒಂದೊಂದೂ ಎರಡು ಎಂಬಿ ಹತ್ತಿರ. ಮುಖಪುಟ ಒಂದೇ 11 ಎಂಬಿ. ಮೇಲೊಂದು ಫ್ಲ್ಯಾಶ್ ಬ್ಯಾನರ್ ಬೇರೆ ಇತ್ತು, 2020ರ ಕೊನೆಗೆ ಫ್ಲ್ಯಾಶ್ ನಿಂತ ಮೇಲೆ ಆ ಜಾಗ ಖಾಲಿ.

ಕಳೆದ ತಿಂಗಳು ಖಾಯಂ ಗಿರಾಕಿಯೊಬ್ಬರು ಫೋನ್ ಮಾಡಿ, "ತಮ್ಮಾ, ನಿಮ್ಮ ಸೈಟ್ ತೆರೆಯೋಷ್ಟರಲ್ಲಿ ನಾನು ಅರ್ಧ ಡ್ರಮ್ ಔಷಧಿ ಹೊಡೆದಾಯ್ತು" ಅಂದರು. ಅವರಿಗೆ ತಮಾಷೆ, ನನಗೆ ನಾಚಿಕೆ. ಅಪ್ಪನಿಗೆ ಹೇಳಿದರೆ "ನನ್ನ ಕಂಪ್ಯೂಟರಿನಲ್ಲಿ ತಕ್ಷಣ ಬರುತ್ತೆ, ಇಷ್ಟು ವರ್ಷ ನಡೆದಿದೆ, ಈಗೇನು ಹೊಸದಾಗಿ ರೋಗ?" ಅಂತಾರೆ. ವೇಗ ಅಷ್ಟೊಂದು ಮುಖ್ಯಾನಾ? ಮುಖ್ಯ ಅಂದ್ರೆ 67 ವರ್ಷದ ಅಪ್ಪನನ್ನು ಒಪ್ಪಿಸೋದು ಹೇಗೆ?

ಬೈಟು ಕಾಫಿ:

ಮೊದಲು ಲೆಕ್ಕ ಮಾಡಿ ಅಣ್ಣ. ತೋಟದಲ್ಲಿ ಒಂದೇ ಕಡ್ಡಿ ಸಿಗ್ನಲ್, ಸೆಕೆಂಡಿಗೆ ಒಂದು ಮೆಗಾಬಿಟ್ ಸಿಗುತ್ತೆ ಅಂದುಕೊಳ್ಳಿ. ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ 11 ಎಂಬಿ ಅಂದರೆ 88 ಮೆಗಾಬಿಟ್, ಅಂದರೆ ಹತ್ತಿರ ಹತ್ತಿರ ಒಂದೂವರೆ ನಿಮಿಷ. ಅಷ್ಟು ಹೊತ್ತು ಬಿಳಿ ಪರದೆ ನೋಡುತ್ತಾ ಯಾರು ನಿಲ್ಲುತ್ತಾರೆ? ಗೂಗಲ್ ಪ್ರಕಾರ ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು, ಇದಕ್ಕೆ ಎಲ್‌ಸಿಪಿ ಅಂತ ಹೆಸರು. 2018ರ ಜುಲೈನಿಂದ ಮೊಬೈಲ್ ಹುಡುಕಾಟದ ರ‍್ಯಾಂಕಿಂಗಿಗೂ ವೇಗವನ್ನು ಸೇರಿಸಿಕೊಂಡಿದ್ದಾರೆ. ನನ್ನ ಕೇಳಿದರೆ ಆ ರ‍್ಯಾಂಕಿಂಗ್ ಚಿಂತೆ ನಿಮಗೆ ಆಮೇಲಿನದು. ನಿಮ್ಮ ಪುಟದಲ್ಲಿ ಅಕ್ಷರವೇ ಇಲ್ಲವಲ್ಲ, ಬರೀ ಚಿತ್ರ. "ಮಂಗಳ ಅಡಿಕೆ ಸಸಿ" ಅಂತ ಯಾರಾದರೂ ಹುಡುಕಿದರೆ ನೀವು ಸಿಗೋದು ಹೇಗೆ?

ಚಿತ್ರದ ಬದಲು ಯೂನಿಕೋಡಿನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರುಗಳೂ ಓದೋ ಅಕ್ಷರ ಸಂಕೇತದಲ್ಲಿ ಟೈಪ್ ಮಾಡಿ. ವೆಬ್ ಪುಟಗಳಲ್ಲಿ ಬಳಸೋ ಅದರ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. 'ಕ್ಷ' ಅಂದರೆ ಕ, ಹಲಂತ, ಷ ಸೇರಿ ಒಂಬತ್ತು. ಇದು ಜಾಸ್ತಿ ಅಂತ ಕೆಲವರು ಗೊಣಗುತ್ತಾರೆ, ಆದರೆ ಮುನ್ನೂರು ಪದದ ಪುಟದ ಅಕ್ಷರ ಸುಮಾರು ಎಂಟು ಕೆಬಿ ಆಗುತ್ತೆ. ಎಲ್ಲಿಯ ಎರಡು ಎಂಬಿ, ಎಲ್ಲಿಯ ಎಂಟು ಕೆಬಿ! ಫಾಂಟ್ ಕಳಿಸೋದೂ ಬೇಡ. 2012ರ ಆಂಡ್ರಾಯ್ಡ್ 4.1ರಿಂದ ಫೋನಿನಲ್ಲೇ ಕನ್ನಡ ಇದೆ. ಸಸಿಗಳ ಫೋಟೋ ಮಾತ್ರ ಅಗಲ ಕಡಿಮೆ ಮಾಡಿ, ಜೆಪಿಜಿಗಿಂತ ಹಗುರವಾದ ವೆಬ್‌ಪಿ ಅನ್ನೋ ಚಿತ್ರದ ರೂಪದಲ್ಲಿ ಉಳಿಸಿ. ಕೆಳಗಿನ ಫೋಟೋಗಳಿಗೆ ಲೇಜಿ ಲೋಡಿಂಗ್ (ಓದುಗರು ಅಲ್ಲಿಗೆ ಸರಿದಾಗ ಮಾತ್ರ ಇಳಿಯೋ ಹಾಗೆ) ಹಾಕಿ, ಮೊದಲನೆಯದಕ್ಕೆ ಹಾಕಬೇಡಿ, ಹಾಕಿದರೆ ಅದೇ ತಡವಾಗುತ್ತೆ. ಪುಟಗಳ ಹಳೆಯ ವಿಳಾಸ ಹಾಗೇ ಇರಲಿ, ಯಾರ ಯಾರ ವಾಟ್ಸಾಪಿನಲ್ಲಿ ಆ ಲಿಂಕ್ ಕೂತಿದೆಯೋ.

ಅಪ್ಪನ ಕಂಪ್ಯೂಟರಿನಲ್ಲಿ ತಕ್ಷಣ ಬರೋದಕ್ಕೆ ಕಾರಣ ಬ್ರೌಸರ್ ಆ ಚಿತ್ರಗಳನ್ನೆಲ್ಲ ಮೊದಲೇ ಉಳಿಸಿಕೊಂಡಿರೋದು. ಅವರ ಫೋನಿನಲ್ಲಿ ಇನ್‌ಕಾಗ್ನಿಟೊ, ಅಂದರೆ ಹಾಗೆ ಉಳಿಸಿಕೊಂಡದ್ದನ್ನು ಬಳಸದ ಖಾಸಗಿ ಕಿಟಕಿ, ತೆರೆದು ತೋಟದ ತುದಿಗೆ ಕರೆದುಕೊಂಡು ಹೋಗಿ.

ಅರ್ಕಾವೊತ್ತು:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ತಮ್ಮಾ, ಅಪ್ಪನ ಪರವಾಗಿ ನಾನೊಂದು ಮಾತು ಹೇಳ್ತೀನಿ. ನಾನು ಇಪ್ಪತ್ತೆರಡು ವರ್ಷ ಡಿಟಿಪಿ ಕೆಲಸ ಮಾಡಿದವಳು. ಲಗ್ನಪತ್ರಿಕೆ, ಕರಪತ್ರ, ಸಹಕಾರಿ ಸಂಘದ ವರದಿ, ಎಲ್ಲಾ ನುಡಿಯಲ್ಲೇ. ಒಂದು ದಿನ ಯಜಮಾನರು ಬಂದು ಇನ್ನು ಮೇಲೆ ಎಲ್ಲಾ ಯೂನಿಕೋಡ್ ಅಂದಾಗ ನನಗೆ ಅನಿಸಿದ್ದು ಇಷ್ಟೇ: ಹಾಗಾದ್ರೆ ಇಷ್ಟು ದಿನ ಕಲಿತಿದ್ದು ಕಸಾನಾ? ಮೂರು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಕಲಿಸೋಕೆ ಬಂದ ಹುಡುಗ "ಆಂಟಿ, ಇದು ಭಾರಿ ಸುಲಭ" ಅಂತ ಹತ್ತು ಸಲ ಹೇಳಿದ. ಸುಲಭ ಅಂದಷ್ಟೂ ಸಿಟ್ಟು ಬರುತ್ತಿತ್ತು.

ಆಮೇಲೆ ಗೊತ್ತಾಗಿದ್ದು, ಬೆರಳಿಗೆ ಏನೂ ಬದಲಾಗಿಲ್ಲ ಅಂತ. ನುಡಿಯ ಕೀಲಿಮಣೆಗೆ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ, ಯೂನಿಕೋಡಿನಲ್ಲೂ ಅದೇ ಕೀಲಿ ಒತ್ತಬಹುದು. ನುಡಿಯ ಈಚಿನ ಆವೃತ್ತಿಗಳಲ್ಲೇ ಯೂನಿಕೋಡ್ ಆಯ್ಕೆ ಇದೆ. ಯಾರಾದರೂ ಮೊದಲ ದಿನವೇ ಇದನ್ನು ಹೇಳಿದ್ದರೆ ಆ ಮೂರು ದಿನ ಉಳಿಯುತ್ತಿತ್ತು. ಹಾಗಾಗಿ ನಿಮ್ಮ ಅಪ್ಪನಿಗೆ ವೇಗ, ಗೂಗಲ್ ಅಂತ ಉಪನ್ಯಾಸ ಬೇಡ. ನುಡಿಯಲ್ಲೇ ಆ ಆಯ್ಕೆ ಒತ್ತಿ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ.

ಹಳೆಯ ಫೈಲು ಇದ್ದರೆ ನುಡಿ ಅಕ್ಷರವನ್ನು ಯೂನಿಕೋಡಿಗೆ ಬದಲಿಸೋ ಪರಿವರ್ತಕಕ್ಕೆ ಹಾಕಿ, ಆದರೆ ನಂಬಿ ಕೂರಬೇಡಿ. ನುಡಿಯಲ್ಲಿ ಅರ್ಕಾವೊತ್ತನ್ನು ಕೈಬರಹದ ಹಾಗೆ ಅಕ್ಷರದ ನಂತರ ಇಟ್ಟಿರುತ್ತದೆ, ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಅದು ಕೈಕೊಟ್ಟರೆ ಕರ್ನಾಟಕ ಹೋಗಿ ಕನಾರ್ಟಕ ಆಗುತ್ತೆ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಕಲಸುಮೇಲೋಗರ ಆಗಿರುತ್ತೆ. ತಿದ್ದೋ ಕೆಲಸ ಅಪ್ಪನಿಗೇ ಬಿಡಿ. ಅವರಷ್ಟು ಚೆನ್ನಾಗಿ ಆ ಪುಟ ಗೊತ್ತಿರೋರು ಯಾರಿದ್ದಾರೆ?

ಗುಡ್ಡದಮನೆ:

ನರ್ಸರಿಗೆ ವೆಬ್‌ಸೈಟ್ ಯಾಕೆ ಬೇಕು ಮಾರಾಯ್ರೇ, ವಾಟ್ಸಾಪ್ ಸಾಕಪ್ಪ. ಎಲ್ಲರೂ ಬದಲಾಗಿ ಬದಲಾಗಿ ಅಂತಾರೆ, ಬದಲಾದ ಮೇಲೆ ಪ್ರತಿ ವರ್ಷ ಹೋಸ್ಟಿಂಗ್ ದುಡ್ಡು ಕಟ್ಟೋರು ನಾವು.

ಬೈಟು ಕಾಫಿ:

ವಾಟ್ಸಾಪಿನಲ್ಲಿ ಹೋದ ವರ್ಷದ ಸಂದೇಶ ಹುಡುಕಿ ನೋಡಿ, ಆಮೇಲೆ ಮಾತಾಡೋಣ 😀

ಮೆಣಸಿನಬಳ್ಳಿ:

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ. ಅರ್ಕಾವೊತ್ತು ಅಕ್ಕ ಹೇಳಿದ ಹಾಗೇ ಮಾಡಿದೆ. ಹಳೆಯ ಫೈಲುಗಳು ಕಪಾಟಿನಲ್ಲಿದ್ದ ಸಿಡಿಯಲ್ಲಿ ಸಿಕ್ಕವು. ಸಿಡಿ ಓದೋ ಕಂಪ್ಯೂಟರ್ ಹುಡುಕೋದೇ ಒಂದು ದಿನದ ಕೆಲಸ. ಮೊದಲು ಅಡಿಕೆ ಕೊಳೆ ರೋಗದ ಪುಟ ತೆಗೆದುಕೊಂಡೆ, ಅದಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಅಳತೆ ಅದರಲ್ಲಿದೆ. ಪರಿವರ್ತಕ ಬೋರ್ಡೋವನ್ನು "ಬೋಡೋರ್" ಮಾಡಿಟ್ಟಿತ್ತು, ವರ್ಷ "ವಷರ್" ಆಗಿತ್ತು. ಪ್ರಿಂಟ್ ತೆಗೆದು ಅಪ್ಪನ ಮುಂದೆ ಇಟ್ಟೆ. ಏನೂ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಕೆಂಪು ಪೆನ್ನು ಹುಡುಕಿದರು. ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್ ಅನ್ನೋ ಸಾಲನ್ನು ಮೂರು ಸಲ ಬೆರಳಿಟ್ಟು ಓದಿದರು. "ಇದೊಂದು ತಪ್ಪಿದರೆ ಅವರ ಬೆಳೆ ಹೋಗುತ್ತೆ" ಅಂದರು. ಮಾರನೇ ದಿನ ನಾನು ಹೇಳದೆಯೇ ಎರಡನೇ ಪುಟ ಕೇಳಿದರು. ಈಗ ಹದಿನಾಲ್ಕು ಆಗಿವೆ.

ಮೊನ್ನೆ ಸಂಜೆ ತೋಟದ ಕೆಳಗಿನ ಹಳ್ಳದ ಹತ್ತಿರ ಅವರೇ ಫೋನ್ ತೆಗೆದು ಹಳೆಯ ಪುಟವೊಂದು, ಹೊಸ ಪುಟವೊಂದು ಒತ್ತಿ, ಕೈಗಡಿಯಾರ ನೋಡುತ್ತಾ ನಿಂತಿದ್ದರು. ಹೊಸದು ಬಂತು, ಹಳೆಯದು ಅರ್ಧಕ್ಕೆ ನಿಂತಿತ್ತು. ನನ್ನನ್ನು ನೋಡಿ ಫೋನ್ ಜೇಬಿಗೆ ಹಾಕಿಕೊಂಡು "ಇಲ್ಲಿ ಯಾವಾಗಲೂ ಸಿಗ್ನಲ್ ಸರಿ ಇಲ್ಲ" ಅಂದರು.

ಸಸಿ ದರಪಟ್ಟಿಯ ಪುಟ ಮಾತ್ರ ಇನ್ನೂ ಜೆಪಿಜಿಯಲ್ಲೇ ಇದೆ. ಅದರ ಮೂಲೆಯಲ್ಲಿ ಅಪ್ಪನ ಸಹಿ ಇದೆ, ಅದನ್ನು ಮುಟ್ಟಬೇಡ ಅಂದಿದ್ದಾರೆ. ಸಹಿಯನ್ನಷ್ಟೇ ಕತ್ತರಿಸಿ ಸಣ್ಣ ಚಿತ್ರ ಮಾಡಿ ಕೆಳಗೆ ಹಾಕಬಹುದಾ ಬೈಟು ಅಣ್ಣ? ಎಷ್ಟು ಕೆಬಿ ಆಗುತ್ತೆ?