ಚಿಪ್ಪಿನ ಇದ್ದಿಲಿನ ಹೊಗೆಯನ್ನು ಇಂಧನವಾಗಿ ಬಳಸಬಹುದೇ?

ಪ್ರಶ್ನೆ (ತಿಪಟೂರು ಕಡೆಯ ಕೃಷಿಕ):
ನಾವು ತೆಂಗಿನ ಚಿಪ್ಪನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡುತ್ತೇವೆ. ಮಣ್ಣು ಮುಚ್ಚಿದೊಡನೆ ಏಳುವ ಹಳದಿ ಹೊಗೆಗೆ ನೆರೆಯವರು ಕಣ್ಣುಜ್ಜಿಕೊಂಡೇ ಜಗಳಕ್ಕೆ ಬರುತ್ತಾರೆ. ಆ ಹೊಗೆಯನ್ನು ಉರಿಸಿ ಕೊಬ್ಬರಿ ಒಣಗಿಸಲು ಅಥವಾ ಪಂಪ್‌ಸೆಟ್ ಓಡಿಸಲು ಸಾಧ್ಯವೇ?

ಉತ್ತರ 1:
ಉರಿಸಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್, ಜಲಜನಕ, ಮೀಥೇನ್ ಮತ್ತು ಟಾರಿನ ಆವಿ ಇರುವುದರಿಂದ, ಮುಚ್ಚಿದ ಡ್ರಮ್ಮಿಗೆ ಒಣ ಚಿಪ್ಪು ತುಂಬಿ, ಹೊರಬರುವ ಅನಿಲವನ್ನು ಕೊಳವೆಯಲ್ಲಿ ಕೆಳಗಿನ ಒಲೆಗೇ ತಿರುಗಿಸಿದರೆ ಸೌದೆ ಮೊದಲಿಗಷ್ಟೇ ಬೇಕಾಗುತ್ತದೆ. ಒಳಗಿನ ಶಾಖ 300 ಡಿಗ್ರಿ ದಾಟಿದ ಮೇಲೆ ಒಲೆ ಬಹುಮಟ್ಟಿಗೆ ಆ ಅನಿಲದಿಂದಲೇ ಉರಿಯುತ್ತದೆ. ಕೊಳವೆ ಟಾರಿನಿಂದ ಕಟ್ಟಿಕೊಳ್ಳದಂತೆ ಪ್ರತಿ ಸಲವೂ ಕೆರೆದು ತೆಗೆಯಿರಿ. ಪೂರ್ತಿ ತಣ್ಣಗಾಗದೆ ಮುಚ್ಚಳ ತೆಗೆದರೆ ಇದ್ದಿಲು ಭಗ್ಗನೆ ಹತ್ತಿಕೊಳ್ಳುತ್ತದೆ.

ಉತ್ತರ 2:
ಪಂಪ್‌ಸೆಟ್ಟಿನ ಆಸೆಯನ್ನು ಸದ್ಯಕ್ಕೆ ಬಿಡಿ. ಟಾರು ಎಂಜಿನ್ನಿನ ವಾಲ್ವುಗಳಿಗೆ ಅಂಟುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ, ಸೌದೆ-ಚಿಪ್ಪಿನಂಥವನ್ನು ಉರಿಯುವ ಅನಿಲವಾಗಿ ಮಾರ್ಪಡಿಸುವ ಗ್ಯಾಸಿಫೈಯರ್‌ಗಳಲ್ಲಿ ಅನಿಲವನ್ನು ತಣಿಸಿ, ಶುದ್ಧಗೊಳಿಸಿದ ಮೇಲೆಯೇ ಎಂಜಿನ್ನಿಗೆ ಕೊಡುತ್ತಾರೆ. ಇನ್ನು ಉಂಡೆ ಕೊಬ್ಬರಿ ಅಟ್ಟದಲ್ಲಿ ತಿಂಗಳುಗಟ್ಟಲೆ ತಾನಾಗಿಯೇ ಒಣಗುವಾಗ ಅದಕ್ಕೇಕೆ ಈ ಬೆಂಕಿ? ಅಡಿಕೆ ಬೇಯಿಸುವ ಹಂಡೆಯ ಕೆಳಗೆ ಇದನ್ನು ಬಳಸಿ.

ಪ್ರಶ್ನೆ ಕೇಳಿದವರು:
ಅಡಿಕೆಯ ಹಂಡೆ ನನಗೆ ಹೊಳೆದಿರಲಿಲ್ಲ. ಮೊದಲು ಒಂದೇ ಡ್ರಮ್ಮಿನಲ್ಲಿ ಮಾಡಿ ನೋಡುತ್ತೇನೆ.