ಪರದೆಯ ಮೇಲೆ ನಮ್ಮ ಮಾತು ನಗಿಸುವುದಕ್ಕೆ ಮಾತ್ರವೇ?

ಸಾಧನಕೇರಿಯ ನೋಡುಗ, ಧಾರವಾಡ:

‘ಸು ಫ್ರಮ್ ಸೋ’ ಚಿತ್ರವನ್ನು ನಾನು ಎರಡು ಬಾರಿ ನೋಡಿದೆ. 2025ರ ಜುಲೈ 25ರಂದು ತೆರೆಕಂಡ ಆ ಚಿತ್ರಕ್ಕೆ ಮೊದಲು ಹೋದದ್ದು ಗೆಳೆಯರ ಜೊತೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಮಲ್ಟಿಪ್ಲೆಕ್ಸಿಗೆ. ಎರಡನೆಯ ಸಲ ಅವ್ವನನ್ನು ಕರೆದುಕೊಂಡು ಹೋದೆ. ಮೊದಲ ಕಾಲು ಗಂಟೆ ಅವ್ವ ಪ್ರತಿ ಮಾತಿಗೂ ನನ್ನ ಕಡೆ ತಿರುಗಿ ‘ಏನಂದ ಅಂವ?’ ಎಂದು ಕೇಳುತ್ತಿದ್ದಳು, ಏಕೆಂದರೆ ಕರಾವಳಿ ಕನ್ನಡದ ಓಟ ಅವಳ ಕಿವಿಗೆ ಹೊಸದು. ವಿರಾಮದ ಹೊತ್ತಿಗೆ ಕೇಳುವುದನ್ನು ಬಿಟ್ಟು, ಅಕ್ಕಪಕ್ಕದವರಿಗಿಂತ ಒಂದು ಕ್ಷಣ ಮೊದಲೇ ನಗತೊಡಗಿದ್ದಳು. ತಿರುಗಿ ಬರುವಾಗ ಚಿಗರಿ ಬಸ್ಸಿನಲ್ಲಿ ಕುಳಿತು ಅವಳು ಕೇಳಿದ ಪ್ರಶ್ನೆಯೇ ನನ್ನನ್ನು ಇದನ್ನು ಬರೆಯಲು ಕೂರಿಸಿದೆ: ‘ಅವರ ಮಾತು ನಮಗ ತಿಳೀತಲ್ಲ, ನಮ್ಮ ಮಾತು ಹಿಂಗ ಸಿನಿಮಾದಾಗ ಯಾಕ ಬರಂಗಿಲ್ಲ?’

ಬರುತ್ತದೆ ಎಂದು ಯಾರಾದರೂ ಹೇಳಬಹುದು. ಬರುವ ರೀತಿಯ ಬಗ್ಗೆಯೇ ನನ್ನ ತಕರಾರು. ಇತ್ತೀಚೆಗೆ ನೋಡಿದ ಇನ್ನೊಂದು ಚಿತ್ರದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದರಲ್ಲಿ ಹುಬ್ಬಳ್ಳಿಯವನೆಂದು ಹೇಳಿಕೊಳ್ಳುವ ಪಾತ್ರವೊಂದು ನಾಲ್ಕು ದೃಶ್ಯಗಳಲ್ಲಿ ಬಂದು, ಪ್ರತಿ ವಾಕ್ಯದ ಬಾಲಕ್ಕೂ ಒಂದು ‘ರೀ’ ಕಟ್ಟಿ, ಜೋಳದ ರೊಟ್ಟಿ ಮತ್ತು ಮಿರ್ಚಿಯ ಬಗ್ಗೆ ಮಾತಾಡಿ, ನಾಯಕನ ಕೈಯಲ್ಲಿ ಬೈಸಿಕೊಂಡು ಹೋಗುತ್ತದೆ. ಬೇರೆ ಊರುಗಳಲ್ಲಿ ಆ ದೃಶ್ಯಕ್ಕೆ ನಗೆ ಬಂದಿರಬಹುದು. ನಮ್ಮ ಥೇಟರಿನಲ್ಲಿ ಮಾತ್ರ ಯಾರೂ ನಗಲಿಲ್ಲ.

ಇಲ್ಲಿರುವ ಹಿರಿಯರನ್ನೂ ಚಿತ್ರರಂಗವನ್ನು ಒಳಗಿನಿಂದ ಬಲ್ಲವರನ್ನೂ ಕೇಳುತ್ತೇನೆ. ಕಥಾನಾಯಕ ಅಥವಾ ನಾಯಕಿ ಮೊದಲಿನಿಂದ ಕೊನೆಯವರೆಗೆ ನಮ್ಮ ಭಾಗದ ಮಾತನ್ನೇ ಆಡುವ, ಆ ಮಾತನ್ನು ನಗೆಗಾಗಿ ಅಲ್ಲದೆ ಬದುಕಿಗಾಗಿ ಬಳಸಿಕೊಂಡ ಚಿತ್ರಗಳು ಯಾವುವು? ಅವು ಇಷ್ಟು ವಿರಳವಾಗಲು ಕಾರಣವೇನು?

ಹಳೆಯ ಬಾಲ್ಕನಿ, ಹುಬ್ಬಳ್ಳಿ:

ನಿಮ್ಮ ತಾಯಿಯವರು ಕೇಳಿದ ಪ್ರಶ್ನೆಯನ್ನು ನಾವು ಮೂವತ್ತು ವರ್ಷಗಳ ಹಿಂದೆ ಕೊಪ್ಪೀಕರ ರಸ್ತೆಯ ಚಹಾದ ಅಂಗಡಿಯಲ್ಲಿ ಕುಳಿತು ಕೇಳಿಕೊಳ್ಳುತ್ತಿದ್ದೆವು. ಆದರೂ ಚಿತ್ರಗಳೇ ಇಲ್ಲವೆಂದರೆ ತಪ್ಪಾಗುತ್ತದೆ. ಟಿ.ಎಸ್. ನಾಗಾಭರಣ ಅವರು 1990ರಲ್ಲಿ ಮಾಡಿದ ‘ಸಂತ ಶಿಶುನಾಳ ಶರೀಫ’ವನ್ನು ನೋಡಿ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಆ ಸಂತನಾಗಿ ಶ್ರೀಧರ್, ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡರು ನಟಿಸಿದ್ದಾರೆ. ಅಲ್ಲಿ ಹಾಡುಗಳೆಲ್ಲ ಶರೀಫರ ತತ್ವಪದಗಳೇ ಆಗಿದ್ದರಿಂದ ಭಾಷೆಯನ್ನು ಕೆಡಿಸಲು ಯಾರಿಗೂ ಆಸ್ಪದವಿರಲಿಲ್ಲ, ಸಿ. ಅಶ್ವಥ್ ಅವರ ಸಂಗೀತವೂ ಆ ಪದಗಳ ನಡೆಯನ್ನೇ ಹಿಡಿದು ಹೋಯಿತು. ಅದೇ ನಿರ್ದೇಶಕರು 1997ರಲ್ಲಿ ಕಾರ್ನಾಡರ ನಾಟಕವನ್ನು ಆಧರಿಸಿ ‘ನಾಗಮಂಡಲ’ ಮಾಡಿದರು. ಅದರಲ್ಲಿ ನಾಯಕ, ನಾಯಕಿ, ನೆರೆಮನೆಯ ಅಜ್ಜಿ, ಊರ ಪಂಚರು ಎಲ್ಲರೂ ನಮ್ಮ ಕಡೆಯ ಮಾತನ್ನೇ ಆಡುತ್ತಾರೆ, ಯಾರೂ ಅದನ್ನು ನಗೆಗೆ ಬಳಸುವುದಿಲ್ಲ. ಇನ್ನು ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ನೆನೆದವರು ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಯನ್ನು ಮರೆಯಲಾರರು. 1995ರ ಆ ಚಿತ್ರದ ಸಂಗೀತಕ್ಕಾಗಿ ಹಂಸಲೇಖ ಅವರಿಗೂ ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದವು.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಗಮನಿಸಿ. ಒಬ್ಬರು ಸಂತರು, ಒಬ್ಬರು ಗವಾಯಿಗಳು, ಒಂದು ಜಾನಪದ ಕಥೆ. ಪರದೆಯ ಮೇಲೆ ನಮ್ಮ ಮಾತಿಗೆ ಗೌರವ ಸಿಗಬೇಕಾದರೆ ಅದು ನೂರು ವರ್ಷ ಹಿಂದಿನದಾಗಿರಬೇಕೆಂದು ಯಾರೋ ನಿಯಮ ಮಾಡಿದಂತಿದೆ. ದುರ್ಗದಬೈಲಿನಲ್ಲಿ ಅಂಗಡಿ ಇಟ್ಟವನು, ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು, ಕರ್ನಾಟಕ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ನೌಕರಿಯ ಪರೀಕ್ಷೆಗೆ ಓದುತ್ತಿರುವ ಹುಡುಗಿ, ಇವರಲ್ಲಿ ಯಾರೊಬ್ಬರನ್ನೂ ನಾನು ಪರದೆಯ ಮೇಲೆ ಸರಿಯಾಗಿ ಕಂಡಿಲ್ಲ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಭಾಷಣೆಯನ್ನು ಮೊದಲು ಬೆಂಗಳೂರಿನ ಕನ್ನಡದಲ್ಲಿ ಬರೆದು, ಬಳಿಕ ‘ಇದೆ’ ಇದ್ದಲ್ಲೆಲ್ಲ ‘ಐತಿ’ ಹಾಕಿ, ಕೊನೆಗೆ ‘ರೀ’ ಸೇರಿಸಿದರೆ ಅದು ಧಾರವಾಡದ ಮಾತಾಗುವುದಿಲ್ಲ. ಧಾರವಾಡದ ಒಂದೇ ಓಣಿಯಲ್ಲಿ ಒಂದು ಮನೆಯವರು ‘ಅದ’ ಎಂದರೆ ಪಕ್ಕದ ಮನೆಯವರು ‘ಐತಿ’ ಎನ್ನುತ್ತಾರೆ, ಆ ಒಂದು ಪದದಿಂದಲೇ ಮನೆತನದ ಸುಳಿವು ಸಿಗುತ್ತದೆ. ‘ರೀ’ ಎಂಬುದು ಅಲಂಕಾರವಲ್ಲ. ಯಾರಿಗೆ ಹಚ್ಚಬೇಕು, ಯಾರಿಗೆ ಹಚ್ಚಬಾರದು ಎಂಬುದಕ್ಕೆ ಲೆಕ್ಕವಿದೆ. ಬಾಲ್ಯದ ಗೆಳೆಯನಿಗೆ ‘ಬಾರಲೇ’ ಎನ್ನುವ ಬದಲು ‘ಬರ್ರಿ’ ಎಂದರೆ ಅವನ ಮೇಲೆ ಸಿಟ್ಟಿದೆ ಎಂದೇ ಅರ್ಥ. ಈ ಸೂಕ್ಷ್ಮವನ್ನು ಬಲ್ಲವರಿಗೆ ಒಂದು ‘ರೀ’ಯಲ್ಲಿ ಇಡೀ ಜಗಳವನ್ನು ತೋರಿಸಬಹುದು. ಅರಿಯದವರು ಅದನ್ನು ಒಗ್ಗರಣೆಯಂತೆ ಎಲ್ಲದಕ್ಕೂ ಹಾಕುತ್ತಾರೆ.

ಪೆಟ್ಟಿಗೆ ಕಾದವ, ಗದಗ-ಬೆಟಗೇರಿ:

ಹಿರಿಯರು ಭಾಷೆಯ ಕಾರಣ ಹೇಳಿದರು, ನಾನು ವ್ಯಾಪಾರದ ಕಾರಣ ಹೇಳುತ್ತೇನೆ. ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ ನಾನು ಹದಿನೆಂಟು ವರ್ಷ ಕೆಲಸ ಮಾಡಿದವನು. ರೀಲಿನ ಪೆಟ್ಟಿಗೆ ಬಸ್ಸಿನಲ್ಲಿ ಬರುತ್ತದೆಂದು ನಿಲ್ದಾಣದಲ್ಲಿ ಕಾಯುತ್ತ ಕುಳಿತದ್ದಕ್ಕೆ ಲೆಕ್ಕವಿಲ್ಲ.

ಹಿಂದಿ ಚಿತ್ರಗಳ ವಿತರಕರು ದೇಶವನ್ನು ವಲಯಗಳಾಗಿ ಹಂಚಿಕೊಂಡಾಗ, ಹಳೆಯ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳು ಮುಂಬಯಿ ವಲಯಕ್ಕೆ ಸೇರಿದವು, ಕಲಬುರಗಿ, ಬೀದರ, ರಾಯಚೂರುಗಳು ನಿಜಾಮ್ ವಲಯಕ್ಕೆ ಹೋದವು, ಮೈಸೂರು ವಲಯ ಬೇರೆಯೇ ಆಯಿತು. 1956ರಲ್ಲಿ ರಾಜ್ಯ ಒಂದಾದರೂ ವ್ಯಾಪಾರದ ನಕಾಶೆ ಒಂದಾಗಲಿಲ್ಲ. ಹಾಗಾಗಿ ನಮ್ಮಲ್ಲಿ ಹಿಂದಿ ಚಿತ್ರಕ್ಕೆ ಮೊದಲಿನಿಂದಲೂ ಗಟ್ಟಿ ಮಾರುಕಟ್ಟೆ ಇದೆ. ಕನ್ನಡ ಚಿತ್ರದ ನಿರ್ಮಾಪಕರ ಲೆಕ್ಕ ಬೆಂಗಳೂರು, ಕೋಲಾರ, ತುಮಕೂರು ಸೇರಿದ ಬಿ.ಕೆ.ಟಿ. ಎಂಬ ವಲಯದಿಂದ ಶುರುವಾಗುತ್ತದೆ. ಅದಾದ ಮೇಲೆ ಮೈಸೂರು, ಮಂಡ್ಯ, ಕೊಡಗು, ಹಾಸನ. ನಮ್ಮ ಕಡೆಯದು ‘ಬಂದರೆ ಲಾಭ’ ಎನ್ನುವ ಲೆಕ್ಕ. ಹೂಡಿದ ಹಣ ಮೊದಲ ವಾರದಲ್ಲಿ ಎಲ್ಲಿಂದ ತಿರುಗಿ ಬರಬೇಕೋ ಅಲ್ಲಿನ ಮಾತನ್ನೇ ನಾಯಕ ಆಡುತ್ತಾನೆ. ಇದು ನಮ್ಮ ಮೇಲಿನ ದ್ವೇಷವಲ್ಲ, ಲೆಕ್ಕಾಚಾರ. ದೊಡ್ಡ ನಟರ ಚಿತ್ರ ಬಿಡುಗಡೆಗೆ ಮುನ್ನ ಹುಬ್ಬಳ್ಳಿಯಲ್ಲಿ ಅದ್ಧೂರಿ ಕಾರ್ಯಕ್ರಮ ಮಾಡುತ್ತಾರೆ, ಇಲ್ಲಿನ ಜನ ಕಿಕ್ಕಿರಿದು ಸೇರುತ್ತಾರೆ, ಸೀಟಿ ಹೊಡೆಯುತ್ತಾರೆ. ಅಂದರೆ ಹುಬ್ಬಳ್ಳಿ ಚಿತ್ರವನ್ನು ಮಾರುವ ಊರೇ ಹೊರತು ಮಾಡುವ ಊರಾಗಿಲ್ಲ.

ಹಾಗಾದರೆ ನಮ್ಮ ಮಾತಿಗೆ ದುಡ್ಡು ಕೊಟ್ಟು ನೋಡುವವರಿಲ್ಲವೇ? ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ. ಇಂದಿಗೂ ಅಲ್ಲಿ ಹಲವು ನಾಟಕ ಕಂಪನಿಗಳು ಡೇರೆ ಹಾಕಿ ವಾರಗಟ್ಟಲೆ ಆಡುತ್ತವೆ, ಜನ ಟಿಕೀಟು ತೆಗೆಸಿ ರಾತ್ರಿ ಎರಡೆರಡು ಆಟ ನೋಡುತ್ತಾರೆ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ನಮ್ಮ ಗದಗದ್ದು. ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘವನ್ನು ನೋಡಿದವರು ಈಗಲೂ ಇದ್ದಾರೆ. ಇಷ್ಟು ರಂಗಭೂಮಿ ಇದ್ದೂ ಅದು ಚಿತ್ರವಾಗಿ ಬೆಳೆಯಲಿಲ್ಲ, ಏಕೆಂದರೆ ಸ್ಟುಡಿಯೋಗಳಿದ್ದದ್ದು ಮದ್ರಾಸಿನಲ್ಲಿ, ಆಮೇಲೆ ಮೈಸೂರು ಬೆಂಗಳೂರುಗಳಲ್ಲಿ. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ನಮಗೆ ಹತ್ತಿರದ ಕೊಲ್ಹಾಪುರದಲ್ಲಿ. 1934ರಲ್ಲಿ ಬೆಳಗಾವಿಯ ಆಚೆಗೆ ಇದ್ದ ಕ್ಯಾಮೆರಾ ಮತ್ತೆ ಈ ಕಡೆ ತಿರುಗಲಿಲ್ಲವಲ್ಲ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಈಗಲೂ ಅಷ್ಟೇ, 2025ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದ ಚಿತ್ರನಗರಿ ಮೈಸೂರಿಗೆ ಹೋಯಿತು.

ದಿನಕ್ಕೆ ಎರಡು ಆಟ, ಹುಬ್ಬಳ್ಳಿ:

ನಾನು ಸ್ವಲ್ಪ ಕಟುವಾಗಿ ಬರೆಯುತ್ತೇನೆ, ಹಿರಿಯರು ಕ್ಷಮಿಸಬೇಕು. ತಪ್ಪೆಲ್ಲ ಬೆಂಗಳೂರಿನದೆಂದು ಹೇಳಿ ನಾವು ಮನೆಗೆ ಹೋಗಿ ಮಲಗುತ್ತೇವೆ. ನಮ್ಮ ಕಡೆಯ ಮಾತಿನಲ್ಲೇ ಇರುವ ‘ಶಿವಮ್ಮ’ ಚಿತ್ರ 2024ರ ಜೂನ್ ತಿಂಗಳಲ್ಲಿ ತೆರೆಕಂಡಾಗ ನಮ್ಮಲ್ಲಿ ಎಷ್ಟು ಮಂದಿ ಟಿಕೆಟ್ ಕೊಂಡರು? ನಾನು ನೋಡಿದ ಆಟದಲ್ಲಿ ಒಂಬತ್ತು ಜನರಿದ್ದೆವು. ಅದೇ ವಾರ ಹಿಂದಿ, ತೆಲುಗು ಚಿತ್ರಗಳಿಗೆ ಹೋದವರು ನಮ್ಮವರೇ ಅಲ್ಲವೇ?

ಟಿಕೆಟಿನ ಬೆಲೆಯೂ ಒಂದು ಕಾರಣ ಎಂಬುದನ್ನು ಒಪ್ಪುತ್ತೇನೆ. ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. ಅದೇ ತಿಂಗಳು 23ರಂದು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಐದು ಜನರ ಕುಟುಂಬ ಮಲ್ಟಿಪ್ಲೆಕ್ಸಿಗೆ ಹೋಗಿಬರುವ ಖರ್ಚಿನಲ್ಲಿ ತಿಂಗಳಿಗೆ ಒಂದೇ ಚಿತ್ರ ನೋಡಲು ಸಾಧ್ಯವೆಂದಾದರೆ ಆ ಒಂದು ‘ಕಾಂತಾರ’ದಂತಹ ದೊಡ್ಡ ಚಿತ್ರವೇ ಆಗುತ್ತದೆ, ಹೊಸ ಮುಖಗಳಿರುವ ಸಣ್ಣ ಚಿತ್ರವಾಗುವುದಿಲ್ಲ. ಆದರೆ ಒಂದೇ ಪರದೆಯ ಹಳೆಯ ಥೇಟರುಗಳಲ್ಲಿ ಬೆಲೆ 200ರ ಹತ್ತಿರಕ್ಕೂ ಹೋಗುವುದಿಲ್ಲ. ಅಲ್ಲಿಗೆ ಹೋಗದಿರಲು ನಮಗೆ ಬೇರೆಯೇ ನೆಪಗಳಿವೆ.

ಏಲಕ್ಕಿ ಮಾಲೆ, ಹಾವೇರಿ:

ಅಣ್ಣನವರು ‘ಶಿವಮ್ಮ’ದ ಹೆಸರೆತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಮೂಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಜೈಶಂಕರ್ ಆರ್ಯರ್ ನಿರ್ದೇಶಿಸಿ, ರಿಷಬ್ ಶೆಟ್ಟಿಯವರು ನಿರ್ಮಿಸಿದ ಈ ಚಿತ್ರ ನಡೆಯುವುದು ಗದಗದ ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬಳು ಬಡತನ ನೀಗುತ್ತದೆಂಬ ಆಸೆಯಿಂದ, ಶಕ್ತಿವರ್ಧಕ ಪೇಯವೊಂದನ್ನು ಮಾರುವ ಸರಪಳಿ ವ್ಯಾಪಾರಕ್ಕೆ ಇಳಿಯುತ್ತಾಳೆ. ಮುಖ್ಯ ಪಾತ್ರದಲ್ಲಿ ಶರಣಮ್ಮ ಚೆಟ್ಟಿ ಅವರಿದ್ದಾರೆ, ಉಳಿದ ಪಾತ್ರಗಳಲ್ಲಿ ಊರವರೇ ಇದ್ದಾರೆ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಅದಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಸಂತರಿಲ್ಲ, ಜಾನಪದವಿಲ್ಲ. ಇಂದಿನ ಸಾಲ, ಇಂದಿನ ಮೊಬೈಲು, ಇಂದಿನ ಸುಳ್ಳು. ಉತ್ಸವ್ ಗೋನವಾರ ಅವರ ‘ಫೋಟೋ’ ಕೂಡ ಅದೇ ದಾರಿಯದು. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಳ್ಳಬೇಕೆಂದು ಹಂಬಲಿಸುವ ರಾಯಚೂರು ಕಡೆಯ ಹುಡುಗನೊಬ್ಬ ಲಾಕ್‌ಡೌನಿನಲ್ಲಿ ಸಿಕ್ಕಿಕೊಳ್ಳುವ ಕಥೆ ಅದು. ಎರಡರಲ್ಲಿಯೂ ಮಾತು ನೆಲದಿಂದಲೇ ಎದ್ದು ಬಂದಂತಿದೆ.

ನಾನು ಎರಡು ಕಿರುಚಿತ್ರಗಳನ್ನು ಮಾಡಿರುವುದರಿಂದ ಒಂದು ತಾಂತ್ರಿಕ ಸಂಗತಿಯನ್ನು ಸೇರಿಸಲು ಇಷ್ಟಪಡುತ್ತೇನೆ. ನಮ್ಮ ಹೆಚ್ಚಿನ ಚಿತ್ರಗಳಲ್ಲಿ ಚಿತ್ರೀಕರಣದ ಜಾಗದ ಧ್ವನಿಯನ್ನು ಕೊನೆಗೆ ತೆಗೆದುಹಾಕುತ್ತಾರೆ. ಬಳಿಕ ನಟರು ಬೆಂಗಳೂರಿನ ಡಬ್ಬಿಂಗ್ ಕೋಣೆಯಲ್ಲಿ ನಿಂತು, ಪರದೆಯ ಮೇಲಿನ ತುಟಿಯ ಚಲನೆಗೆ ಹೊಂದಿಸಿ ಮಾತಾಡುತ್ತಾರೆ. ಕಲಿತ ಗ್ರಂಥಭಾಷೆಯಾದರೆ ಇದು ನಡೆಯುತ್ತದೆ. ನಮ್ಮ ಮಾತಿನ ಜೀವ ಇರುವುದು ರಾಗದಲ್ಲಿ, ಎಳೆತದಲ್ಲಿ, ‘ಯವ್ವಾ’ ಎನ್ನುವಾಗ ಏರಿ ಇಳಿಯುವ ಉಸಿರಿನಲ್ಲಿ. ನನ್ನ ಮೊದಲ ಕಿರುಚಿತ್ರದಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಮಾಲರೊಬ್ಬರು ಅಲ್ಲಿಯೇ ನಿಂತು ಆಡಿದ ಮಾತು ಬೆಂಕಿಯಂತಿತ್ತು. ಗದ್ದಲ ಹೆಚ್ಚಾಗಿದೆ ಎಂದು ಅದನ್ನು ಬಿಟ್ಟು ಮತ್ತೆ ಡಬ್ಬಿಂಗ್ ಮಾಡಿಸಿದೆ. ಅದೇ ಮನುಷ್ಯ ಮೈಕಿನ ಮುಂದೆ ಶಾಲೆಯ ಮಾಸ್ತರರ ಎದುರು ನಿಂತ ಹುಡುಗನಂತಾಗಿ, ‘ಐತಿ’ ಎನ್ನುವಲ್ಲಿ ತಾವಾಗಿಯೇ ‘ಇದೆ’ ಎಂದರು. ಎರಡನೆಯ ಚಿತ್ರದಲ್ಲಿ ಗದ್ದಲವನ್ನೂ ಸೇರಿಸಿಕೊಂಡು ಸ್ಥಳದ ಧ್ವನಿಯನ್ನೇ ಉಳಿಸಿದೆ.

‘ಸು ಫ್ರಮ್ ಸೋ’ ಗೆದ್ದ ಕಾರಣವೂ ಇದಕ್ಕೆ ದೂರವಿಲ್ಲ. ನಿರ್ದೇಶಕ ಜೆ.ಪಿ. ತುಮಿನಾಡ್ ತುಳು ರಂಗಭೂಮಿಯಿಂದ ಬಂದವರು. ಕರಾವಳಿಯಲ್ಲಿ ತುಳು ನಾಟಕ, ಅಲ್ಲಿಂದ ತುಳು ಚಿತ್ರ, ಅಲ್ಲಿಂದ ಕನ್ನಡ ಚಿತ್ರ ಎಂಬ ಮೆಟ್ಟಿಲುಗಳಿವೆ, ನಟರು ಪ್ರತಿ ಮೆಟ್ಟಿಲಲ್ಲೂ ಪಳಗಿ ಮೇಲೆ ಬರುತ್ತಾರೆ. ನಮ್ಮಲ್ಲಿ ಕಂಪನಿ ನಾಟಕವಿದೆ, ಧಾರವಾಡದಲ್ಲಿ ರಂಗಾಯಣವಿದೆ, ಇನ್ನೊಂದು ತುದಿಯಲ್ಲಿ ಯೂಟ್ಯೂಬಿನ ಹಾಸ್ಯ ವಿಡಿಯೋಗಳಿವೆ. ನಡುವಿನ ಮೆಟ್ಟಿಲು ಮಾತ್ರ ಇಲ್ಲ. ಆ ಹಾಸ್ಯ ವಿಡಿಯೋಗಳನ್ನು ಮಾಡುವವರು ನಮ್ಮ ಹುಡುಗರೇ, ಅವರೂ ನಮ್ಮ ಮಾತನ್ನು ನಗೆಗೇ ಬಳಸುತ್ತಿದ್ದಾರೆ ಎಂಬುದನ್ನು ಬೆಂಗಳೂರಿನ ಮೇಲೆ ಹೊರಿಸಲಾಗದು.

ಇನ್ನೊಂದು ಸಣ್ಣ ತಕರಾರು. ‘ನಮ್ಮ ಭಾಗದ ಮಾತು’ ಎಂದು ಧಾರವಾಡದವರು ಹೇಳುವಾಗ ಹಾವೇರಿಯನ್ನು ಕೇಳುವುದೇ ಇಲ್ಲ. ರಾಣೆಬೆನ್ನೂರು ದಾಟುವಷ್ಟರಲ್ಲಿ ಮಾತು ದಾವಣಗೆರೆಯ ಕಡೆ ವಾಲಿರುತ್ತದೆ. ನಾಳೆ ಯಾರಾದರೂ ಹಿರೇಕೆರೂರಿನ ಕಥೆ ಮಾಡಿದರೆ ಅದಕ್ಕೂ ಸಾಧನಕೇರಿಯ ಕನ್ನಡವನ್ನೇ ಹಚ್ಚಬೇಡಿ.

ಸಾಧನಕೇರಿಯ ನೋಡುಗ, ಧಾರವಾಡ:

ಎಲ್ಲರಿಗೂ ಋಣಿಯಾಗಿದ್ದೇನೆ. ಹಾವೇರಿಯವರ ತಕರಾರನ್ನು ತಲೆಬಾಗಿ ಒಪ್ಪಿಕೊಂಡೆ. ‘ಶಿವಮ್ಮ’ವನ್ನು ಥೇಟರಿನಲ್ಲಿ ನೋಡದವರ ಪಟ್ಟಿಯಲ್ಲಿ ನಾನೂ ಇದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ.

ನಿನ್ನೆ ರಾತ್ರಿ ಅದನ್ನು ಮನೆಯಲ್ಲಿ ಅವ್ವನ ಜೊತೆ ಕುಳಿತು ನೋಡಿದೆ. ಈ ಸಲ ಅವಳು ಒಂದು ಬಾರಿಯೂ ‘ಏನಂದಳು?’ ಎಂದು ಕೇಳಲಿಲ್ಲ. ಬದಲಿಗೆ ನಡುನಡುವೆ ‘ಹಿಂಗ ನಾವು ಅನ್ನಂಗಿಲ್ಲ, ಇದು ಕೊಪ್ಪಳದ ಕಡೆಯವರದು’ ಎಂದು ಪರದೆಯನ್ನೇ ತಿದ್ದುತ್ತಿದ್ದಳು. ಶಿವಮ್ಮ ಸಾಲದ ಮೇಲೆ ಸಾಲ ಮಾಡತೊಡಗಿದಾಗ ಮಾತ್ರ ತಿದ್ದುವುದನ್ನು ನಿಲ್ಲಿಸಿ, ‘ಬ್ಯಾಡ ಬೇ ತಂಗಿ, ಬ್ಯಾಡ’ ಎಂದಳು.

ಏಲಕ್ಕಿ ಮಾಲೆಯವರೇ, ಹಮಾಲರ ಮೊದಲ ಧ್ವನಿಮುದ್ರಣವನ್ನು ನೀವು ಅಳಿಸಿಲ್ಲ ತಾನೇ? ಗದ್ದಲವಿದ್ದರೂ ಆಗಲಿ, ಅದನ್ನು ಕೇಳುವ ಆಸೆಯಿದೆ.